ಖಾನಾಪುರದ ಮಳೆಯೂ ವಿಜ್ಞಾನದ ಪಾಠವೂ

ಮೃಗಶಿರಾ ಮಳೆ ಹೂಡಿದೆ, ಶಾಲೆಗಳು ತೆರೆದಿವೆ. ವರ್ಷಂಪ್ರತಿ ಈ ದಿನಗಳಲ್ಲಿ ನಡೆಯುವ ಚರ್ಚೆ ಈ ಸಲವೂ ನಡೆದಿರುವುದು. ಪುಸ್ತಕಗಳು ಎಷ್ಟು ಬಂದವು, ಇನ್ನೆಷ್ಟು ಬರಬೇಕಾಗಿದೆ; ಯಾವ ಊರಿನಲ್ಲಿ ಮಾಸ್ತರರ ಜಾಗ ಖಾಲಿ ಬಿದ್ದಿದೆ; ಯಾವ ಕೋಣೆಯ ಹೆಂಚು ಸೋರುತ್ತದೆ. ಇವೆಲ್ಲ ಆಗಲೇಬೇಕಾದ ಮಾತುಗಳು. ಆದರೆ ಪುಸ್ತಕ ಬಂದ ಮೇಲೆ, ಮಾಸ್ತರರು ಬಂದ ಮೇಲೆ, ಹೆಂಚು ಹೊದಿಸಿದ ಮೇಲೆ ಆ ಕೋಣೆಯೊಳಗೆ ನಡೆಯತಕ್ಕದ್ದೇನು ಎಂದು ಕೇಳುವವರು ವಿರಳ. ಇಂದು ನಾವು ಅದನ್ನೇ, ಅದರಲ್ಲಿಯೂ ಕೆಳಗಿನ ತರಗತಿಗಳ ವಿಜ್ಞಾನ ಬೋಧನೆಯನ್ನು ಕುರಿತು, ವಾಚಕರ ಮುಂದೆ ಕೆಲವು ವಿಚಾರಗಳನ್ನಿಡಬಯಸುತ್ತೇವೆ.

ಕಳೆದ ವರ್ಷದ ಶ್ರಾವಣದಲ್ಲಿ ಬೇರೊಂದು ಕಾರ್ಯನಿಮಿತ್ತ ಖಾನಾಪುರ ತಾಲೂಕಿನ ಒಳಭಾಗಕ್ಕೆ ಹೋಗಿದ್ದೆವು. ಮಳೆ ಹಿಡಿದುಕೊಂಡಿತು. ರಸ್ತೆಯ ಮಗ್ಗುಲಿಗಿದ್ದ ಒಂದು ಶಾಲೆಯ ಜಗಲಿಯಲ್ಲಿ ಆಶ್ರಯ ಪಡೆದು ನಿಂತೆವು. ಒಳಗೆ ಪಾಠ ನಡೆದಿತ್ತು. ಮಳೆಯ ಪ್ರಮಾಣವನ್ನು ಅಳೆಯುವ ಸಾಧನಕ್ಕೆ ಮಳೆಮಾಪಕ ಎನ್ನುವರು ಎಂದು ಮಕ್ಕಳು ಒಕ್ಕೊರಲಿನಿಂದ ಹೇಳುತ್ತಿದ್ದರು. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಅವರ ದನಿ ಅಡಗಿಹೋಗಲು, ಮಾಸ್ತರರು ಇನ್ನೂ ಗಟ್ಟಿಯಾಗಿ ಹೇಳಿಸಿದರು. ಮಾಸ್ತರರು ಸಜ್ಜನರು, ಬಿಡುವಿನಲ್ಲಿ ಹೊರಬಂದು ನಮಗೆ ಚಹವನ್ನೂ ತರಿಸಿದರು. ಮಕ್ಕಳು ಮಳೆಮಾಪಕವನ್ನು ನೋಡಿರುವರೆ ಎಂದು ನಾವು ಕೇಳಿದುದಕ್ಕೆ, “ಪುಸ್ತಕದಲ್ಲಿ ಚಿತ್ರವಿದೆಯಲ್ಲ” ಎಂದು ಉತ್ತರಕೊಟ್ಟರು. ನಿಜ, ಚಿತ್ರವಿದೆ. ಸಹ್ಯಾದ್ರಿಯ ನೆತ್ತಿಯ ಮೇಲೆ ಕುಳಿತಿರುವ, ನಾಲ್ಕು ತಿಂಗಳು ಮೋಡದೊಳಗೇ ಬಾಳುವ ತಾಲೂಕಿನ ಮಕ್ಕಳು ಮಳೆಯನ್ನು ಚಿತ್ರ ನೋಡಿ ಕಲಿಯುತ್ತಿದ್ದರು.

ಆ ಶಾಲೆಯ ಅಡುಗೆಮನೆಯ ಗೋಡೆಗೆ ಎಣ್ಣೆಯ ಖಾಲಿ ಡಬ್ಬಿಗಳು ಒರಗಿದ್ದವು. ಅವುಗಳಲ್ಲೊಂದು ದೊಡ್ಡ ಚೌಕ ಡಬ್ಬಿಯನ್ನೂ, ಅದರ ಮಗ್ಗುಲಲ್ಲಿ ನೆಟ್ಟನೆಯ ಪಕ್ಕಗಳುಳ್ಳ ಸಣ್ಣದೊಂದು ಬಿಸ್ಕತ್ತಿನ ಡಬ್ಬಿಯನ್ನೂ ಅಂಗಳದಲ್ಲಿ ಇಡಿಸಿದ್ದರೆ ಏನಾಗುತ್ತಿತ್ತೆಂದು ವಾಚಕರು ಕ್ಷಣಕಾಲ ಆಲೋಚಿಸಲಿ. ಇಡುವ ಮೊದಲು ಮಕ್ಕಳಿಗೆ ಒಂದೇ ಪ್ರಶ್ನೆ: ಒಂದು ತಾಸಿನ ಬಳಿಕ ಯಾವ ಡಬ್ಬಿಯಲ್ಲಿ ನೀರು ಹೆಚ್ಚು ಎತ್ತರ ನಿಲ್ಲುವುದು? ದೊಡ್ಡದರಲ್ಲಿಯೇ, ಅದರ ಬಾಯಿ ಅಗಲವಾಗಿದೆ, ಹೆಚ್ಚು ಮಳೆಯನ್ನು ಹಿಡಿಯುವುದು ಎಂದು ಕೆಲವರು ಹೇಳುವರು. ಇಲ್ಲ, ಸಣ್ಣದರಲ್ಲಿಯೇ, ಇಕ್ಕಟ್ಟಾದ ಪಾತ್ರೆ ಬೇಗ ತುಂಬುವುದು ಎಂದು ಮತ್ತೆ ಕೆಲವರು ಹೇಳುವರು. ಎರಡೂ ಪಕ್ಷಗಳಲ್ಲಿ ಯುಕ್ತಿಯಿದೆ. ಗದ್ದಲವಾಗುವುದು; ಆಗಲಿ. ಮಾಸ್ತರರು ಏನೂ ಹೇಳದೆ ಎರಡೂ ಪಕ್ಷಗಳ ಕಾರಣಗಳನ್ನು ಹಲಗೆಯ ಮೇಲೆ ಬರೆಯಲಿ. ತಾಸಿನ ನಂತರ ಒಬ್ಬ ಹುಡುಗಿ ಅಳತೆಪಟ್ಟಿಯನ್ನು ಇಳಿಬಿಟ್ಟು ನೋಡುವಳು. ಎರಡರಲ್ಲಿಯೂ ನೀರು ಒಂದೇ ಎತ್ತರ. ಅಗಲವಾದ ಬಾಯಿ ಹೆಚ್ಚು ನೀರನ್ನು ಹಿಡಿದುದು ನಿಜ, ಆದರೆ ಆ ನೀರು ಅಷ್ಟೇ ಅಗಲವಾದ ತಳದ ಮೇಲೆ ಹರಡಿಕೊಳ್ಳಬೇಕಾಯಿತು. ಎರಡು ಪಕ್ಷಗಳ ಯುಕ್ತಿಗಳೂ ಒಂದನ್ನೊಂದು ಸರಿದೂಗಿಸಿದವು. ಇದನ್ನು ಮಾಸ್ತರರು ಹೇಳಿಕೊಡಬೇಕಾದ ಅಗತ್ಯವಿಲ್ಲ. ಐದಾರು ನಿಮಿಷ ತಾಳಿದರೆ ಮಕ್ಕಳಲ್ಲಿಯೇ ಒಬ್ಬರ ಬಾಯಿಂದ ಬರುವ ಸಂಭವ ಬಹಳ.

ಇಷ್ಟಕ್ಕೆ ನಿಲ್ಲಬೇಕಾಗಿಲ್ಲ. ಮೇಲೆ ಅಗಲವಾಗಿ ಕೆಳಗೆ ಕಿರಿದಾದ ಬಕೀಟನ್ನು ಇಟ್ಟರೆ ನೀರಿನ ಎತ್ತರ ಅಷ್ಟೇ ಇರುವುದೆ? ಡಬ್ಬಿಯನ್ನು ಹಲಸಿನ ಮರದ ಕೆಳಗಿಟ್ಟವನ ಲೆಕ್ಕವನ್ನು ಒಪ್ಪಬಹುದೆ? ಹವಾಮಾನ ಇಲಾಖೆಯವರು ದಿನಾಲು ಮುಂಜಾನೆ ಎಂಟೂವರೆಗೇ ಮಳೆಯನ್ನು ಅಳೆಯುವುದೇಕೆ, ಒಂದು ದಿನ ಹತ್ತಕ್ಕೆ ಅಳೆದರೆ ಕೆಡುವುದೇನು? ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ನೀರು ಸರಿಯಾಗಿ ಒಂದು ಲೀಟರ್. ಹಾಗಾದರೆ ನೂರು ಚದರ ಮೀಟರ್ ಮಾಳಿಗೆಯುಳ್ಳ ಶಾಲೆಗೆ 20 ಮಿಲಿಮೀಟರ್ ಮಳೆಯಲ್ಲಿ ಎರಡು ಸಾವಿರ ಲೀಟರ್ ನೀರು ಮೇಲಿನಿಂದಲೇ ಬಂದು ಚರಂಡಿಗೆ ಹೋಯಿತು. ಅದೇ ಶಾಲೆಗೆ ಚೈತ್ರ ವೈಶಾಖದಲ್ಲಿ ಕುಡಿಯಲು ನೀರಿಲ್ಲವೇಕೆ? ಈ ಕೊನೆಯ ಪ್ರಶ್ನೆಯನ್ನು ಮಕ್ಕಳು ಕೇಳಿದರೆ ಪಂಚಾಯಿತಿಯ ಸದಸ್ಯರಿಗೆ ತುಸು ಮುಜುಗರವಾದೀತು. ಅದೂ ಒಳ್ಳೆಯದೇ.

ನಮ್ಮ ಸೀಮೆಗೆ ದೊರೆತಿರುವ ಅನುಕೂಲತೆ ಎಲ್ಲರಿಗೂ ದೊರೆತುದಲ್ಲ. ಬೆಳಗಾವಿಯಿಂದ ಖಾನಾಪುರ ಸುಮಾರು 25 ಕಿಲೋಮೀಟರ್. ನಗರಕ್ಕೆ ವರ್ಷದಲ್ಲಿ ಹೆಚ್ಚುಕಡಿಮೆ 1,200ರಿಂದ 1,300 ಮಿಲಿಮೀಟರ್ ಮಳೆಯಾದರೆ, ಜಾಂಬೋಟಿಯನ್ನು ದಾಟಿ ಚೋರ್ಲಾ ಘಾಟಿನ ದಾರಿಯಲ್ಲಿರುವ ಕಣಕುಂಬಿಗೆ ಅದರ ಎರಡು ಪಟ್ಟಿಗೂ ಹೆಚ್ಚು ಸುರಿಯುವುದು. ಪೂರ್ವಕ್ಕೆ ಬೈಲಹೊಂಗಲ, ಸವದತ್ತಿಗಳ ಕಡೆಗೆ ಹೋದಂತೆ ಮಳೆ ಇಳಿಯುತ್ತ ಹೋಗಿ ಕೆಮ್ಮಣ್ಣು ಮುಗಿದು ಎರೆಭೂಮಿ ತೊಡಗುವುದು. ಒಂದೇ ಜಿಲ್ಲೆ, ಒಂದೇ ಮುಂಗಾರು, ಒಂದೇ ದಿನ. ಈ ನಾಲ್ಕು ಊರುಗಳ ಶಾಲೆಗಳು ತಮ್ಮ ತಮ್ಮ ಡಬ್ಬಿಯ ನೀರನ್ನು ಅಳೆದು ಒಬ್ಬರಿಗೊಬ್ಬರು ತಿಳಿಸಿದರೆ ಸಾಕು, ಹೀಗೇಕೆಂಬ ಪ್ರಶ್ನೆ ತಾನಾಗಿಯೇ ಏಳುವುದು.

ಇನ್ನು ನದಿಗಳ ಮಾತು. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟುವಳು. ಅರಬ್ಬೀ ಸಮುದ್ರ ಅಲ್ಲಿಂದ ಕೂಗಳತೆಯಲ್ಲಿ ಎಂಬಷ್ಟು ಸಮೀಪ. ಆದರೂ ಆಕೆ ಅದಕ್ಕೆ ಬೆನ್ನು ತಿರುಗಿಸಿ ಸುಮಾರು 300 ಕಿಲೋಮೀಟರ್ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವಳು. ಅದೇ ತಾಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿಯಾದರೋ ಪಶ್ಚಿಮಕ್ಕೆ ಇಳಿದು ಗೋವೆಯಲ್ಲಿ ಮಾಂಡವಿಯೆನಿಸಿ ಕಡಲಿಗೆ ಬೀಳುವಳು. ಒಂದೇ ಮೋಡದ ಎರಡು ಹನಿಗಳು ಒಂದು ದಿಣ್ಣೆಯ ಈಚೆ ಆಚೆ ಬಿದ್ದ ಮಾತ್ರಕ್ಕೆ ಒಂದು ಬಂಗಾಳ ಕೊಲ್ಲಿಗೆ, ಒಂದು ಅರಬ್ಬೀ ಸಮುದ್ರಕ್ಕೆ. ಈ ದಿಣ್ಣೆಯ ಸಲುವಾಗಿಯೇ ಎರಡು ರಾಜ್ಯಗಳು ದಶಕಗಳಿಂದ ವ್ಯಾಜ್ಯವಾಡಿ, 2018ರಲ್ಲಿ ನ್ಯಾಯಾಧಿಕರಣದ ತೀರ್ಪು ಬಂದ ಮೇಲೂ ಅದು ಮುಗಿಯಲಿಲ್ಲ. ಶಾಲೆಯ ಅಂಗಳದಲ್ಲಿ ಒದ್ದೆ ಮಣ್ಣಿನ ಒಂದು ಗುಡ್ಡೆ ಮಾಡಿ, ಮೇಲಿನಿಂದ ನೀರು ಸುರಿದು, ಎಲ್ಲಿ ಅಗೆದರೆ ನೀರು ಈಚೆಗೆ ತಿರುಗೀತೆಂದು ಹುಡುಕಿದ ಹುಡುಗನಿಗೆ ಮುಂದೆ ಕಳಸಾ-ಬಂಡೂರಿಯ ಭಾಷಣಗಳಲ್ಲಿ ಯಾವುದು ಕಾಳು ಯಾವುದು ಜೊಳ್ಳು ಎಂಬುದು ತಿಳಿದೀತು. ಇಂದು ಆ ಭಾಷಣಗಳನ್ನು ಕೇಳಿ ಕೈತಟ್ಟುವ ನಮ್ಮಂಥ ವಯಸ್ಕರಲ್ಲಿ ಎಷ್ಟು ಮಂದಿಗೆ ಅದು ತಿಳಿದಿದೆ?

ಖಾನಾಪುರದ ಮಣ್ಣಿನ ಕೆಲಸ ಹೆಸರಾದುದು. ಖಾದಿ ಗ್ರಾಮೋದ್ಯೋಗ ಆಯೋಗವು ತನ್ನ ಕುಂಬಾರಿಕೆಯ ಶಿಕ್ಷಣಸಂಸ್ಥೆಯನ್ನು ಅಲ್ಲಿ ಇಟ್ಟುದು ಆ ಮಣ್ಣನ್ನು ಕಂಡೇ ಇರಬೇಕು. ಹೊಸ ಮಡಕೆಯಲ್ಲಿ ನೀರು ತಣ್ಣಗಾಗುವುದನ್ನು ಪ್ರತಿ ಮಗುವೂ ಬಲ್ಲುದು. ಎರಡು ಮಡಕೆ ತಂದು ಒಂದರ ಹೊರಮೈಗೆ ಎಣ್ಣೆ ಬಣ್ಣ ಬಳಿದು, ಎರಡನ್ನೂ ನೀರು ತುಂಬಿ ತೂಗಿ, ಮರುದಿನ ಮತ್ತೆ ತೂಗಿದರೆ, ತಣ್ಣಗಾದ ಮಡಕೆಯೇ ತೂಕ ಕಳೆದುಕೊಂಡಿರುವುದು ಕಾಣಿಸುವುದು. ಕಳೆದುಹೋದ ನೀರು ಎಲ್ಲಿಗೆ ಹೋಯಿತು, ಹೋಗುವಾಗ ಏನನ್ನು ಕೊಂಡೊಯ್ದಿತು? ವೈಶಾಖದಲ್ಲಿ ಚೆನ್ನಾಗಿ ತಣ್ಣಗಾಗುವ ಮಡಕೆ ಖಾನಾಪುರದ ಆಷಾಢದಲ್ಲಿ ಅಷ್ಟು ತಣ್ಣಗಾಗದಿರುವುದೇಕೆ? ಬಾಷ್ಪೀಭವನವೆಂಬ ಶಬ್ದವನ್ನು ಇದಾದ ಮೇಲೆ ಹೇಳಿಕೊಟ್ಟರೆ ಅದು ನಾಲಿಗೆಯ ಮೇಲೆ ಭಾರವಾಗಲಾರದು.

ಇಂಥ ವಿಚಾರಶಕ್ತಿಗೆ ಇಂದಿನ ಶಿಕ್ಷಣಶಾಸ್ತ್ರಜ್ಞರು ಉನ್ನತ ಸ್ತರದ ಚಿಂತನೆ ಎಂಬ ಹೆಸರನ್ನು ಕೊಟ್ಟಿರುವರು. ಬೆಂಜಮಿನ್ ಬ್ಲೂಮ್ ಎಂಬ ಅಮೇರಿಕೆಯ ಪಂಡಿತರೂ ಅವರ ಸಂಗಡಿಗರೂ 1956ರಲ್ಲಿ ಕಲಿಕೆಗೆ ಆರು ಮೆಟ್ಟಿಲುಗಳನ್ನು ಕಟ್ಟಿದರು. 2001ರಲ್ಲಿ ಅದನ್ನು ತಿದ್ದಲಾಯಿತು. ನೆನಪಿಡುವುದು, ತಿಳಿಯುವುದು, ಬಳಸುವುದು, ಬಿಡಿಸಿ ನೋಡುವುದು, ಬೆಲೆಕಟ್ಟುವುದು, ಹೊಸತನ್ನು ರಚಿಸುವುದು. ನಮ್ಮ ಇಲಾಖೆಯ ತರಬೇತಿಗಳಲ್ಲೆಲ್ಲ ಈ ಮೆಟ್ಟಿಲುಗಳ ಚಿತ್ರ ತೂಗುತ್ತಿರುವುದು. ಆಕ್ಷೇಪಣೆಯಿಲ್ಲ. ಆದರೆ ಮೆಟ್ಟಿಲೆಂದೊಡನೆ ನಮ್ಮವರು, ಕೆಳಗಿನದನ್ನು ಪೂರ್ತಿ ಹತ್ತಿದ ಮೇಲೆಯೇ ಮೇಲಿನದು ಎಂದು ತಿಳಿದುಬಿಟ್ಟರು. ಮೊದಲು ಬಾಯಿಪಾಠ, ವಿಚಾರ ಆಮೇಲೆ. ಪ್ರಾಥಮಿಕ ಶಾಲೆಯ ಮಗುವಿಗೆ ಬಾಯಿಪಾಠ, ವಿಚಾರ ಕಾಲೇಜಿನಲ್ಲಿ. ಕಾಲೇಜಿಗೆ ಬಂದ ಮೇಲೆ ನೌಕರಿಯ ಪರೀಕ್ಷೆಗಾಗಿ ಮತ್ತೆ ಬಾಯಿಪಾಠ. ಹೀಗೆ ಆ ಮೇಲಿನ ಮೆಟ್ಟಿಲು ಆಜನ್ಮ ಮೇಲೆಯೇ ಉಳಿಯುವುದು.

ನಮ್ಮ ಹಿರಿಯರಲ್ಲಿ ಇದಕ್ಕೆ ಇನ್ನೂ ಒಳ್ಳೆಯ ಶಬ್ದವಿತ್ತು: ಊಹಾಪೋಹ. ಇಂದು ನಾವು ಅದನ್ನು ಗಾಳಿಸುದ್ದಿಯೆಂಬ ಅರ್ಥದಲ್ಲಿ ಬಳಸಿ ಕೆಡಿಸಿದ್ದೇವೆ. ವೃತ್ತಪತ್ರಿಕೆಯವರಾದ ನಮ್ಮ ಪಾಲು ಅದರಲ್ಲಿ ಸಣ್ಣದಲ್ಲ. ಮೂಲದಲ್ಲಿ ಊಹವೆಂದರೆ ಹೀಗಿರಬಹುದೆಂದು ಕಾರಣಸಹಿತವಾಗಿ ಕೂಡಿಸುವುದು, ಅಪೋಹವೆಂದರೆ ಹೀಗಿರಲಾರದೆಂದು ಕಾರಣಸಹಿತವಾಗಿ ಕಳೆಯುವುದು. ಪಾಠಶಾಲೆಯಲ್ಲಿ ತರ್ಕದ ಪ್ರಥಮ ಪಾಠಗಳನ್ನು ಓದಿದವರಿಗೆ ಗೊತ್ತು: ಬೆಟ್ಟದಲ್ಲಿ ಬೆಂಕಿಯುಂಟೆಂದು ಹೇಳಿದರಾಗಲಿಲ್ಲ, ಹೇತುವನ್ನು ಹೇಳಬೇಕು, ದೃಷ್ಟಾಂತವನ್ನು ಕೊಡಬೇಕು, ಎದುರಾಳಿಯ ಪೂರ್ವಪಕ್ಷವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ ಆಮೇಲೆ ಖಂಡಿಸಬೇಕು. ದೊಡ್ಡ ಬಾಯಿಯ ಡಬ್ಬಿಯಲ್ಲಿ ನೀರು ಎತ್ತರ ನಿಲ್ಲುವುದೆಂದ ಹುಡುಗನದು ಹೇತ್ವಾಭಾಸ. ಅವನನ್ನು ದಡ್ಡನೆಂದು ಕೂಡಿಸುವ ಬದಲು ಅವನ ಹೇತುವೆಲ್ಲಿ ತಪ್ಪಿತೆಂದು ಅವನಿಂದಲೇ ಹುಡುಕಿಸುವುದು ನಮ್ಮ ದೇಶದ ಹಳೆಯ ಪದ್ಧತಿಯೇ ಹೊರತು ಅಮೇರಿಕೆಯಿಂದ ಬಂದುದಲ್ಲ. ಆ ಪಾಠಶಾಲೆಯಲ್ಲಿ ಎಲ್ಲ ಜಾತಿಯ ಮಕ್ಕಳಿಗೂ, ಹೆಣ್ಣುಮಕ್ಕಳಿಗೂ ಪ್ರವೇಶವಿರಲಿಲ್ಲವೆಂಬುದು ಬೇರೆ ಮಾತು. ಆ ಅನ್ಯಾಯವನ್ನು ಮುಚ್ಚಿಡುವುದು ಸಲ್ಲದು.

ಇದಕ್ಕೆ ಅನುಭವಿಗಳಾದ ಕೆಲವು ಶಿಕ್ಷಕರು ಒಂದು ಆಕ್ಷೇಪಣೆ ಎತ್ತುವರು. ತಲೆಯಲ್ಲಿ ಏನೂ ಇಲ್ಲದವನು ಏನನ್ನು ವಿಚಾರಿಸಿಯಾನು? ಮಗ್ಗಿ ಬಾರದವನು ಲೆಕ್ಕವನ್ನು ತರ್ಕಿಸಿಯಾನೆ? ಈ ಆಕ್ಷೇಪಣೆಯನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಬಾಯಿಪಾಠ ಮಾಡಿಯೇ ಬೆಳೆದ ನಮಗೆ ಅದರ ಋಣ ಗೊತ್ತು. ಮಕ್ಕಳನ್ನು ಸಾಮಾನುಗಳ ನಡುವೆ ಬಿಟ್ಟು, ನೀವೇ ಕಂಡುಹಿಡಿಯಿರೆಂದು ಮಾಸ್ತರರು ಕುರ್ಚಿಯಲ್ಲಿ ಕುಳಿತರೆ ಕಲಿಕೆಯಾಗದೆಂದು ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರೂ 2006ರಿಂದೀಚೆಗೆ ಬಲವಾಗಿ ವಾದಿಸಿರುವರು. ಆ ವಾದದಲ್ಲಿ ಹುರುಳಿದೆ. ಆದರೆ ಡಬ್ಬಿಯ ಪಾಠದಲ್ಲಿ ಮಾಸ್ತರರು ಸುಮ್ಮನೆ ಕುಳಿತಿಲ್ಲ. ಯಾವ ಡಬ್ಬಿ, ಯಾವ ಪ್ರಶ್ನೆ, ಯಾವಾಗ ಮಾತಾಡಬೇಕು, ಯಾವಾಗ ಮೌನವಾಗಿರಬೇಕು ಎಂಬುದೆಲ್ಲ ಅವರದೇ. ಮಿಲಿಮೀಟರೆಂದರೇನೆಂಬುದನ್ನು ಅವರು ಮೊದಲೇ ಕಲಿಸಿರಬೇಕು, ಬಾಯಿಪಾಠವನ್ನೂ ಮಾಡಿಸಿರಬೇಕು. ನಮ್ಮ ತಕರಾರು ಬಾಯಿಪಾಠದ ಮೇಲಲ್ಲ, ಬಾಯಿಪಾಠವಾದೊಡನೆ ಪಾಠ ಮುಗಿಯಿತೆಂಬ ಭಾವನೆಯ ಮೇಲೆ.

ಮೌನವೆಂದೆವು. ಮೇರಿ ಬಡ್ ರೋ ಎಂಬ ಅಮೇರಿಕೆಯ ವಿದುಷಿ 1970ರ ದಶಕದ ಮೊದಲ ವರ್ಷಗಳಲ್ಲಿ ಪ್ರಾಥಮಿಕ ಶಾಲೆಗಳ ವಿಜ್ಞಾನ ತರಗತಿಗಳಲ್ಲಿ ಕುಳಿತು, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುವರೆಂದು ಅಳೆದರು. ಸರಾಸರಿ ಒಂದು ಸೆಕೆಂಡು! ಅಷ್ಟರಲ್ಲಿ ಉತ್ತರ ಬಾರದಿದ್ದರೆ ಮತ್ತೊಬ್ಬನನ್ನು ಎಬ್ಬಿಸುವರು, ಇಲ್ಲವೆ ತಾವೇ ಹೇಳಿಬಿಡುವರು. ಮೂರು ಸೆಕೆಂಡು ಕಾಯುವಂತೆ ಅವರನ್ನು ಪಳಗಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಕಾರಣಗಳು ಜೊತೆಗೂಡಿದವು, ಎಂದೂ ಬಾಯಿ ಬಿಡದ ಮಕ್ಕಳು ಮಾತಾಡತೊಡಗಿದರು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು. ಇದಕ್ಕೆ ಅನುದಾನ ಬೇಡ, ಕಟ್ಟಡ ಬೇಡ, ಟೆಂಡರು ಬೇಡ. ಬಹುಶಃ ಆದಕಾರಣವೇ ಯಾವ ಯೋಜನೆಯಲ್ಲಿಯೂ ಇದು ಸೇರಲಿಲ್ಲ.

ಹಳ್ಳಿಯ ಬಡ ಶಾಲೆಗಳಲ್ಲಿ ಇದೆಲ್ಲ ನಡೆದೀತೆ ಎಂದು ಕೇಳುವವರಿಗೆ ನಮ್ಮ ದೇಶದಲ್ಲಿಯೇ ಉತ್ತರವುಂಟು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ, ಇಂದು ಅದಕ್ಕೆ ನರ್ಮದಾಪುರಂ ಎನ್ನುವರು, 1972ರಲ್ಲಿ ಕಿಶೋರ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು 16 ಮಾಧ್ಯಮಿಕ ಶಾಲೆಗಳಲ್ಲಿ ಹೊಸ ಬಗೆಯ ವಿಜ್ಞಾನ ಬೋಧನೆಯನ್ನು ಆರಂಭಿಸಿದವು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಮತ್ತು ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಳ್ಳಿಯ ಮಾಸ್ತರರ ಜೊತೆಗೆ ಕುಳಿತು ಪಾಠಗಳನ್ನು ಹೆಣೆದರು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹರಡಿತು. 1982ರಲ್ಲಿ ಏಕಲವ್ಯ ಸಂಸ್ಥೆ ಹುಟ್ಟಿ ಅದರ ಹೊಣೆ ಹೊತ್ತಿತು. ಆರರಿಂದ ಎಂಟನೆಯ ತರಗತಿಯ ಮಕ್ಕಳು ಅಗ್ಗದ ಸಾಮಾನುಗಳಿಂದ ಪ್ರಯೋಗ ಮಾಡಿ, ಕಂಡುದನ್ನು ತಾವೇ ಬರೆದು, ಗುಂಪಿನಲ್ಲಿ ವಾದಿಸಿ ನಿರ್ಣಯಕ್ಕೆ ಬರುತ್ತಿದ್ದರು. ಮಾಸ್ತರರು ತಿಂಗಳಿಗೊಮ್ಮೆ ಕೂಡಿ ತಮ್ಮ ತೊಡಕುಗಳನ್ನು ಬಿಡಿಸಿಕೊಳ್ಳುತ್ತಿದ್ದರು. ಮಕ್ಕಳು ಸವಾಲೀರಾಮನೆಂಬ ಕಲ್ಪಿತ ವ್ಯಕ್ತಿಗೆ ಕಾಗದ ಬರೆದು ಪ್ರಶ್ನೆ ಕೇಳುವ ಏರ್ಪಾಡೂ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಪರೀಕ್ಷೆಗೆ ಪುಸ್ತಕವನ್ನು ತೆರೆದಿಟ್ಟುಕೊಂಡೇ ಕೂಡುವ ಅನುಮತಿಯಿತ್ತು. ಪುಸ್ತಕದಲ್ಲಿ ಉತ್ತರವಿಲ್ಲದ ಪ್ರಶ್ನೆಗಳನ್ನು ಕೇಳುವವರಿಗೆ ಪುಸ್ತಕದ ಭಯವೇಕೆ? ಮೂವತ್ತು ವರ್ಷಗಳಲ್ಲಿ ಇದು ಸುಮಾರು ಸಾವಿರ ಶಾಲೆಗಳನ್ನು ಮುಟ್ಟಿತು.

2002ರಲ್ಲಿ ರಾಜ್ಯ ಸರಕಾರವು ಒಂದು ಆಜ್ಞೆಯಿಂದ ಅದನ್ನು ನಿಲ್ಲಿಸಿತು. ಜಿಲ್ಲೆಯ ಮಕ್ಕಳು ಉಳಿದೆಡೆಯ ಪಠ್ಯಪುಸ್ತಕವನ್ನೇ ಓದಬೇಕು, ಇಲ್ಲವಾದರೆ ಮುಂದಿನ ಪರೀಕ್ಷೆಗಳಲ್ಲಿ ಹಿಂದೆ ಬೀಳುವರೆಂದು ಸ್ಥಳೀಯ ಮುಖಂಡರು ಒತ್ತಾಯಿಸಿದ್ದರು. ದೇಶದ ಅನೇಕ ವಿಜ್ಞಾನಿಗಳು ಪ್ರತಿಭಟಿಸಿದರು, ಫಲವಾಗಲಿಲ್ಲ. ಇದರಲ್ಲಿ ನಮಗೆ ಕಾಣುವ ಪಾಠ ಕಹಿಯಾದುದು. ಆ ಪದ್ಧತಿಯನ್ನು ಬಡತನ ಸೋಲಿಸಲಿಲ್ಲ, ಮಾಸ್ತರರು ಸೋಲಿಸಲಿಲ್ಲ, ಮಕ್ಕಳೂ ಸೋಲಿಸಲಿಲ್ಲ. ತಂದೆತಾಯಿಗಳ ಅಂಕದ ಅಂಜಿಕೆಯೂ ಅದನ್ನು ಹಿಡಿದು ಮೇಲೇರಿದ ರಾಜಕಾರಣವೂ ಕೂಡಿ ಸೋಲಿಸಿದವು. ಆ ಅಂಜಿಕೆ ಬೆಳಗಾವಿಯಲ್ಲಿಯೂ ಅಷ್ಟೇ ಬಲವಾಗಿದೆ. ಈ ಪುಟವನ್ನು ಓದುವ ಗೃಹಸ್ಥರು ತಮ್ಮ ಮನೆಯನ್ನೇ ನೋಡಿಕೊಳ್ಳಬಹುದು. ಮಗು ಶಾಲೆಯಿಂದ ಬಂದೊಡನೆ ಎಷ್ಟು ಅಂಕ ಬಂತೆಂದು ಕೇಳದವರು ಯಾರು?

ನಮ್ಮ ರಾಜ್ಯದಲ್ಲಿಯೂ ಉದಾಹರಣೆಯುಂಟು. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಋಷಿವ್ಯಾಲಿಯ ಪದ್ಧತಿಯನ್ನು ನೋಡಿಬಂದು ತಾವೇ ಕಾರ್ಡುಗಳನ್ನು ರಚಿಸಿ ನಲಿ-ಕಲಿಯನ್ನು ಕಟ್ಟಿದರು. 2009-10ರಲ್ಲಿ ಅದು ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹಬ್ಬಿತು. ಕಟ್ಟಿದವರಿಗೆ ಅದು ಅವರ ಕೂಸಾಗಿತ್ತು. ಮೇಲಿನಿಂದ ಪೆಟ್ಟಿಗೆಯಲ್ಲಿ ಬಂದುದನ್ನು ಸ್ವೀಕರಿಸಿದ ಅನೇಕರಿಗೆ ಅದು ಇನ್ನೊಂದು ದಫ್ತರವಾಯಿತು. ಆದುದರಿಂದ ಇಲಾಖೆಯು ವಿಜ್ಞಾನಕ್ಕೂ ಅಂಥ ಇನ್ನೊಂದು ಪೆಟ್ಟಿಗೆಯನ್ನು ಕಳುಹಿಸಲೆಂದು ನಾವು ಕೇಳುವುದಿಲ್ಲ. ಪೆಟ್ಟಿಗೆಗಳಿಗೆ ಈ ನಗರದಲ್ಲಿ ಬರವಿಲ್ಲ. ದೊಡ್ಡ ಶುಲ್ಕ ತೆಗೆದುಕೊಳ್ಳುವ ಶಾಲೆಗಳಲ್ಲಿ ಗಾಜಿನ ಕಪಾಟುಗಳೊಳಗೆ ಉಪಕರಣಗಳು ಥಳಥಳಿಸುತ್ತಿವೆ. ಕಪಾಟಿಗೆ ಬೀಗವಿದೆ, ಬೀಗದ ಕೈ ಮುಖ್ಯಾಧ್ಯಾಪಕರ ಮೇಜಿನಲ್ಲಿದೆ. ಹಳ್ಳಿಯ ಮಗು ಮಳೆಮಾಪಕವನ್ನು ಚಿತ್ರದಲ್ಲಿ ಕಂಡರೆ ನಗರದ ಮಗು ಗಾಜಿನಾಚೆ ಕಾಣುವುದು, ಅಂತರ ಅಷ್ಟೇ.

ನಾವು ಕೇಳುವುದು ಎರಡೇ. ಮೊದಲನೆಯದು ಪರೀಕ್ಷೆಯನ್ನು ಕುರಿತದ್ದು. 5 ಮತ್ತು 8ನೆಯ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆ ಬೇಕೆ ಬೇಡವೆ ಎಂಬ ವ್ಯಾಜ್ಯ 2023ರಲ್ಲಿ ಉಚ್ಚ ನ್ಯಾಯಾಲಯಕ್ಕೂ 2024ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಪರೀಕ್ಷೆಯನ್ನು ಯಾರು ನಡೆಸಬೇಕೆಂಬುದನ್ನು ಕುರಿತು ವಕೀಲರು ದಿನಗಟ್ಟಲೆ ವಾದಿಸಿದರು. ಅದರಲ್ಲಿ ಏನನ್ನು ಕೇಳಬೇಕೆಂಬುದನ್ನು ಕುರಿತು ಸಾರ್ವಜನಿಕರಲ್ಲಿ ಅದರ ಹತ್ತರಲ್ಲೊಂದು ಪಾಲು ಚರ್ಚೆಯೂ ನಡೆಯಲಿಲ್ಲ. ಬೆಳಗಾವಿ ಶೈಕ್ಷಣಿಕ ಜಿಲ್ಲೆಯ ಅಧಿಕಾರಿಗಳು ತಮ್ಮ ಕೈಯಲ್ಲಿರುವ ಶಾಲಾಮಟ್ಟದ ಪರೀಕ್ಷೆಗಳಲ್ಲಿ, ಆರರಿಂದ ಎಂಟರವರೆಗೆ, ಪುಸ್ತಕದಲ್ಲಿಲ್ಲದ ಒಂದೇ ಒಂದು ಪ್ರಶ್ನೆಯನ್ನು ಸೇರಿಸಲಿ. ನಾಲ್ಕು ದಿನದ ಮಳೆಯ ಅಂಕೆಗಳನ್ನು ಕೊಟ್ಟು, ಇವುಗಳಲ್ಲಿ ಯಾವುದು ತಪ್ಪಿರಬೇಕು, ಏಕೆ, ಎಂದು ಕೇಳಲಿ. ಕಾರಣಕ್ಕೆ ಅಂಕ, ಉತ್ತರಕ್ಕಲ್ಲ. ಒಂದೇ ಪ್ರಶ್ನೆಯಾದುದರಿಂದ ಯಾವ ಮಗುವೂ ಅನುತ್ತೀರ್ಣವಾಗದು, ಯಾವ ಪಾಲಕರೂ ದೂರು ಕೊಡಲಾರರು. ಆದರೆ ಪರೀಕ್ಷೆಯಲ್ಲಿ ಬರುವುದನ್ನೇ ಕಲಿಸುವುದು ನಮ್ಮಲ್ಲಿ ನಿಯಮವಾಗಿರುವಾಗ, ಆ ಒಂದು ಪ್ರಶ್ನೆಗಾಗಿ ಎಷ್ಟೋ ಡಬ್ಬಿಗಳು ಅಂಗಳಕ್ಕೆ ಬಂದಾವು.

ಎರಡನೆಯದು ಮಾಸ್ತರರ ಸಮಯ. ಚಟುವಟಿಕೆಯಿಂದ, ಶೋಧನೆಯಿಂದ ಕಲಿಸತಕ್ಕದ್ದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯೇ ವಿಧಿಸಿದೆ. ಕಾಯಿದೆ ಹಾಗೆನ್ನುವಾಗ ಮಾಸ್ತರರು ಮಾಡುತ್ತಿರುವುದೇನು? ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಗಣಕಯಂತ್ರಕ್ಕೆ ಮಕ್ಕಳ ವಿವರ ತುಂಬುವುದು, ಮತದಾರರ ಯಾದಿ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯಲ್ಲಿ ಮನೆಮನೆ ತಿರುಗಿದವರೂ ಅವರೇ. ಸಮೀಕ್ಷೆ ಮುಗಿಯಲಿಲ್ಲವೆಂದು ಶಾಲೆಗಳ ರಜೆಯನ್ನೇ ಮುಂದುವರಿಸಬೇಕಾಯಿತು. ಖಾನಾಪುರದ ಕಾಡಂಚಿನಲ್ಲಿ ಒಬ್ಬಿಬ್ಬರೇ ಮಾಸ್ತರರು ಐದು ತರಗತಿಗಳನ್ನು ನಡೆಸುವ ಶಾಲೆಗಳಿವೆ. ಅಂಥವರಿಗೆ ವಿಚಾರಶಕ್ತಿಯನ್ನು ಬೆಳೆಸಿರೆಂದು ಉಪದೇಶಿಸುವುದು ಅಧಿಕಪ್ರಸಂಗವೇ ಸರಿ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು 1980ರ ದಶಕದಲ್ಲಿ ಎರಡು ವಾರಕ್ಕೊಂದು ವಿಚಾರದ ಪಾಠವನ್ನು ಎರಡು ವರ್ಷ ನಡೆಸಿದಾಗ, ಆ ಮಕ್ಕಳು ಮೂರು ವರ್ಷಗಳ ಮೇಲೆ ವಿಜ್ಞಾನದಲ್ಲಷ್ಟೇ ಅಲ್ಲದೆ ಗಣಿತದಲ್ಲಿಯೂ ಭಾಷೆಯಲ್ಲಿಯೂ ಮುಂದಾದರು. ಅದೇ ಬಗೆಯ ಪಾಠಗಳನ್ನು ಮತ್ತೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಂಥ ಫಲ ಕಾಣಲಿಲ್ಲ. ಪದ್ಧತಿ ಮಂತ್ರವಲ್ಲ, ನಡೆಸುವವರಿಗೆ ಬಿಡುವೂ ಆಸ್ಥೆಯೂ ಇದ್ದಲ್ಲಿ ಫಲಿಸುವುದು. ಆದುದರಿಂದ ಕ್ಲಸ್ಟರ್ ಮಟ್ಟದ ಸಭೆಗಳಲ್ಲಿ ತಿಂಗಳಿಗೊಂದನ್ನಾದರೂ ಸುತ್ತೋಲೆ ಓದುವುದಕ್ಕಲ್ಲದೆ ಪ್ರಯೋಗ ಮಾಡಿ ನೋಡುವುದಕ್ಕೆ ಬಿಡತಕ್ಕದ್ದು. ಕ್ಷೇತ್ರ ಶಿಕ್ಷಣಾಧಿಕಾರಿಗಳು ಮನಸ್ಸು ಮಾಡಿದರೆ ಇದಕ್ಕೆ ಬೆಂಗಳೂರಿನ ಅಪ್ಪಣೆ ಬೇಕಾಗಲಾರದು.

ಭಾಷೆಯ ಮಾತನ್ನು ಎತ್ತದಿದ್ದರೆ ವಾಚಕರು ನಮ್ಮನ್ನು ಗುರುತಿಸಲಾರರು. ವಾದ ಮಾಡಲು ಮಗುವಿಗೆ ಏಕೆಂದರೆ, ಹಾಗಾದರೆ, ಆದರೂ, ಒಂದು ವೇಳೆ ಎಂಬ ಶಬ್ದಗಳು ಬೇಕು. ಅವು ಆರು ವರ್ಷದ ಮಗುವಿಗೆ ಮನೆಯ ಮಾತಿನಲ್ಲಿ ಮಾತ್ರ ಇರುವವು. ಇಂಗ್ಲಿಷಿನಲ್ಲಿ ಅದು ಹೆಸರುಗಳನ್ನು ಹೇಳೀತು, ಕಾರಣವನ್ನು ಹೇಳಲಾರದು. 2019ರಲ್ಲಿ ಸರಕಾರಿ ಶಾಲೆಗಳಲ್ಲಿಯೇ ಸಾವಿರದಷ್ಟು ಇಂಗ್ಲಿಷ್ ವಿಭಾಗಗಳನ್ನು ತೆರೆದಾಗ ಈ ವಿಚಾರವನ್ನು ಯಾರೂ ಗಣಿಸಲಿಲ್ಲ. ಖಾನಾಪುರದಲ್ಲಿ ಮರಾಠಿ ಮನೆಮಾತಿನ ಮಕ್ಕಳು ಬಹಳ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ದೊರೆಯಬೇಕೆಂಬ ವಿಧಿ 1956ರಿಂದ ರಾಜ್ಯಾಂಗದಲ್ಲಿಯೇ ಇದೆ. ಕನ್ನಡ ಮಗುವಿಗೆ ನಾವು ಬೇಡುವುದನ್ನು ಅವರಿಗೆ ಅಲ್ಲಗಳೆಯಲಾರೆವು. ಡಬ್ಬಿಯ ನೀರು ಎರಡು ಭಾಷೆಗಳಲ್ಲಿಯೂ ಅಷ್ಟೇ ಎತ್ತರ ನಿಲ್ಲುವುದು. ಕನ್ನಡ ಶಾಲೆಯ ಲೆಕ್ಕವನ್ನೂ ಮರಾಠಿ ಶಾಲೆಯ ಲೆಕ್ಕವನ್ನೂ ಒಂದೇ ಹಾಳೆಯ ಮೇಲೆ ಬರೆದು ನೋಡಿದರೆ ಈ ಗಡಿಯಲ್ಲಿ ಒಂದು ಒಳ್ಳೆಯ ಕೆಲಸವಾದೀತು.

ನಗರದ ಮಕ್ಕಳಿಗೆ ಘಟ್ಟ ದೂರವಾದರೆ ಬಾವಿಗಳುಂಟು. ಮಹಾತ್ಮಾ ಗಾಂಧಿಯವರು ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರಿನಲ್ಲಿ ನಮ್ಮ ಟಿಳಕವಾಡಿಯಲ್ಲಿ ನಡೆದಾಗ, ನೆರೆದ ಜನಕ್ಕೆ ನೀರಿಗಾಗಿ ತೋಡಿದ ಬಾವಿ ಇಂದಿಗೂ ಇದೆ. 1937ರಲ್ಲಿ ವರ್ಧಾದಲ್ಲಿ ಗಾಂಧಿಯವರು ಕೈಕೆಲಸದ ಮೂಲಕವೇ ಸಕಲ ಪಾಠವೂ ನಡೆಯಬೇಕೆಂದು ಹೇಳಿದರು. ನೂಲುವ ಮಗುವಿಗೆ ತಕಲಿ ಏಕೆ ತಿರುಗುತ್ತದೆಂಬುದೂ ತಿಳಿದಿರಬೇಕೆಂಬುದು ಅವರ ಆಗ್ರಹವಾಗಿತ್ತು. ಓಣಿಯ ಯಾವುದೇ ಹಳೆಯ ಬಾವಿಯ ನೀರಿನ ಮಟ್ಟವನ್ನು, ಜಾಲರಿಯ ಮೇಲಿಂದ ಹಗ್ಗ ಇಳಿಬಿಟ್ಟು, ಹಿರಿಯರೊಬ್ಬರ ಸಮಕ್ಷಮದಲ್ಲಿ, ವಾರಕ್ಕೊಮ್ಮೆ ಅಳೆದರೆ ಸಾಕು. ಮಳೆ ಜೂನಿನಲ್ಲಿ ಹತ್ತಿದರೂ ಬಾವಿ ಆಗಲೇ ಏರದು. ಎಷ್ಟು ದಿನ ತಡ, ಅಷ್ಟು ದಿನ ಆ ನೀರು ಎಲ್ಲಿತ್ತು, ಸುತ್ತ ಕಾಂಕ್ರೀಟು ಹಾಕಿದ ಓಣಿಯ ಬಾವಿಗೂ ಹಾಕದ ಓಣಿಯ ಬಾವಿಗೂ ಏನು ವ್ಯತ್ಯಾಸ?

ಈ ಪತ್ರಿಕೆಯ ವತಿಯಿಂದ ನಾವು ಮಾಡಬಹುದಾದುದನ್ನು ಹೇಳಿ ಮುಗಿಸುತ್ತೇವೆ. ಇಂದಿನಿಂದ ಅನಂತ ಚತುರ್ದಶಿಯವರೆಗೆ ಬೆಳಗಾವಿ, ಖಾನಾಪುರ ತಾಲೂಕುಗಳ ಯಾವ ಶಾಲೆಯ ಮಕ್ಕಳಾದರೂ ತಮ್ಮ ಅಂಗಳದ ಮಳೆಯ ಲೆಕ್ಕವನ್ನು ಪ್ರತಿ ಶನಿವಾರ ನಮ್ಮ ಕಚೇರಿಗೆ ಕಳುಹಿಸಿದರೆ, ಮುಂದಿನ ಬುಧವಾರದ ಸಂಚಿಕೆಯಲ್ಲಿ ಅಚ್ಚು ಮಾಡುವೆವು. ಡಬ್ಬಿ ಎಂಥದು, ಎಲ್ಲಿ ಇಟ್ಟಿದೆ, ಎಷ್ಟು ಗಂಟೆಗೆ ಅಳೆದದ್ದು ಎಂಬುದನ್ನು ಬರೆದಿರಬೇಕು. ಮಕ್ಕಳ ಕೈಬರಹವಿರಬೇಕು; ಮಾಸ್ತರರು ತಿದ್ದಿದ ಪ್ರತಿ ಬೇಡ. ಒಂದು ಶಾಲೆಯ ಲೆಕ್ಕವನ್ನು ಇನ್ನೊಂದು ಶಾಲೆಯವರು ಒಪ್ಪದಿದ್ದರೆ ಆ ತಕರಾರನ್ನೂ ಕಾರಣಸಹಿತವಾಗಿ ಬರೆದು ಕಳುಹಿಸತಕ್ಕದ್ದು. ಅದಕ್ಕೆ ಲೆಕ್ಕಕ್ಕಿಂತ ಹೆಚ್ಚಿನ ಸ್ಥಳವನ್ನು ಕೊಡಲಾಗುವುದು.